‘ಎರಡನೇ ಸೆಕೆಂಡಿನಲ್ಲಿ’ ಕಲ್ಲಿನ ವೇಗ ಎಷ್ಟು? ವ್ಯತ್ಯಾಸಕ್ಕೂ ಅವಕಲನಕ್ಕೂ ನಡುವಿನ ಗೊಂದಲ

ಸಹ್ಯಾದ್ರಿ · ಸೋಮವಾರ, ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾನು ಪಿಯು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಭೌತವಿಜ್ಞಾನ ಕಲಿಸುತ್ತೇನೆ. ಇಂದು ಎತ್ತರದಿಂದ ಕೈಬಿಟ್ಟ ಕಲ್ಲೊಂದು ಎಷ್ಟು ದೂರ ಬಿದ್ದಿದೆ ಎಂಬ ಕೋಷ್ಟಕವನ್ನು ಗಾಳಿಯ ತಡೆಯನ್ನು ಬದಿಗಿಟ್ಟು ಹಲಗೆಯ ಮೇಲೆ ಬರೆದೆ. ಕಾಲ 0, 1, 2, 3, 4 ಸೆಕೆಂಡು. ಬಿದ್ದ ದೂರ 0, 4.9, 19.6, 44.1, 78.4 ಮೀಟರು. ‘2 ಸೆಕೆಂಡು ಆದಾಗ ವೇಗ ಎಷ್ಟು, ಸೂತ್ರ ಬಳಸದೆ ಕೋಷ್ಟಕದಿಂದಲೇ ಹೇಳಿ’ ಎಂದು ಕೇಳಿದೆ.

ನಾಲ್ಕು ಬಗೆಯ ಉತ್ತರಗಳು ಬಂದವು. 19.6ನ್ನು 2ರಿಂದ ಭಾಗಿಸಿದವರು 9.8 ಎಂದರು. 19.6ರಲ್ಲಿ 4.9ನ್ನು ಕಳೆದವರು 14.7 ಎಂದರು. 44.1ರಲ್ಲಿ 19.6ನ್ನು ಕಳೆದವರು 24.5 ಎಂದರು. ಒಬ್ಬ ಹುಡುಗಿ ಮಾತ್ರ 14.7 ಮತ್ತು 24.5ರ ಸರಾಸರಿ ತೆಗೆದು 19.6 ಎಂದಳು. ಅದು ಸರಿಯಾದ ಉತ್ತರ. ಆದರೆ ಏಕೆ ಸರಾಸರಿ ತೆಗೆದೆ ಎಂದು ಕೇಳಿದರೆ ಅವಳಿಗೆ ಹೇಳಲು ಆಗಲಿಲ್ಲ. ದೂರದ ಸಾಲಿನಲ್ಲಿಯೂ 19.6 ಎಂಬ ಸಂಖ್ಯೆಯೇ ಇದ್ದುದರಿಂದ, ಅವಳು ಅದನ್ನೇ ನೋಡಿ ಬರೆದಿದ್ದಾಳೆ ಎಂದು ಅಕ್ಕಪಕ್ಕದವರು ವಾದಿಸಿದರು. ಅಧ್ಯಾಪಕರ ಕೊಠಡಿಯಲ್ಲಿ ವಿಷಯ ಪ್ರಸ್ತಾಪಿಸಿದಾಗ ಸಹೋದ್ಯೋಗಿಯೊಬ್ಬರು ‘ಅದು ಅದೃಷ್ಟದಿಂದ ಬಂದ ಉತ್ತರ, ಅವಕಲನ ಕಲಿಯುವವರೆಗೆ ಕಾಯಲಿ’ ಎಂದರು. ಅವಕಲನ ಎಂದರೆ ಡೆರಿವೇಟಿವ್, ಒಂದು ಕ್ಷಣದಲ್ಲಿನ ಬದಲಾವಣೆಯ ದರ.

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆದರೆ ಅವಕಲನ ಇನ್ನೂ ಗೊತ್ತಿಲ್ಲದ ಮಕ್ಕಳಿಗೆ ಈ ನಾಲ್ಕು ಉತ್ತರಗಳ ಭೇದವನ್ನು ಹೇಗೆ ತಿಳಿಸಬೇಕು ಎಂಬುದೂ ಸ್ಪಷ್ಟವಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಕಲನಪ್ರಿಯ · ರಾತ್ರಿ 9.05

ಮೇಡಂ, ನಾಲ್ಕೂ ಉತ್ತರಗಳು ಸರಿ; ಅವು ನಾಲ್ಕು ಬೇರೆ ಬೇರೆ ಪ್ರಶ್ನೆಗಳ ಉತ್ತರಗಳು ಅಷ್ಟೆ. 9.8 ಎಂಬುದು ಮೊದಲ ಎರಡು ಸೆಕೆಂಡುಗಳ ಸರಾಸರಿ ವೇಗ. 14.7 ಎಂಬುದು 1ರಿಂದ 2ರವರೆಗಿನ ಸರಾಸರಿ ವೇಗ. 24.5 ಎಂಬುದು 2ರಿಂದ 3ರವರೆಗಿನದು. ನಿಮ್ಮ ವಿದ್ಯಾರ್ಥಿನಿ ಕಂಡುಹಿಡಿದದ್ದು 1ರಿಂದ 3ರವರೆಗಿನ ಸರಾಸರಿ ವೇಗ, ಏಕೆಂದರೆ 44.1ರಲ್ಲಿ 4.9ನ್ನು ಕಳೆದು 2ರಿಂದ ಭಾಗಿಸಿದರೂ ಅದೇ 19.6 ಬರುತ್ತದೆ.

ಅದು ತತ್‌ಕ್ಷಣದ ವೇಗಕ್ಕೆ ಸಮವಾದದ್ದು ಅದೃಷ್ಟವಲ್ಲ. ಕಾಲವನ್ನು ‘ಕ’ ಎಂದೂ ಕೋಷ್ಟಕದ ಹೆಜ್ಜೆಯನ್ನು ‘ಹ’ ಎಂದೂ ಕರೆಯೋಣ. ಬಿದ್ದ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿದೆ. (ಕ + ಹ)² − (ಕ − ಹ)² = 4ಕಹ. ಇದನ್ನು 2ಹ ಎಂಬ ಅವಧಿಯಿಂದ ಭಾಗಿಸಿದರೆ 2ಕ ಉಳಿಯುತ್ತದೆ, ‘ಹ’ ಸಂಪೂರ್ಣವಾಗಿ ಮಾಯವಾಗುತ್ತದೆ. ಹೆಜ್ಜೆ ಒಂದು ಸೆಕೆಂಡಾಗಿರಲಿ, ನೂರು ಸೆಕೆಂಡಾಗಿರಲಿ, ಉತ್ತರ ಒಂದೇ. ಆದರೆ ಮುಂದಿನ ಸಾಲಿನಿಂದ ಈ ಸಾಲನ್ನು ಮಾತ್ರ ಕಳೆದರೆ (ಕ + ಹ)² − ಕ² = 2ಕಹ + ಹ² ಆಗುತ್ತದೆ; ‘ಹ’ದಿಂದ ಭಾಗಿಸಿದಾಗ 2ಕ + ಹ ಬರುತ್ತದೆ. ಆ ಹೆಚ್ಚುವರಿ ‘ಹ’ವೇ 24.5ಕ್ಕೂ 19.6ಕ್ಕೂ ನಡುವಿನ 4.9ರ ಮೂಲ.

ಇನ್ನೊಂದು ಸಂಗತಿಯನ್ನು ಗಮನಿಸಿ. 9.8ನ್ನು 2.5ರಿಂದ ಗುಣಿಸಿದರೆ 24.5. ಅಂದರೆ 24.5 ಎಂಬುದು ಎರಡೂವರೆ ಸೆಕೆಂಡಿನ ಕ್ಷಣದಲ್ಲಿ ಕಲ್ಲಿಗೆ ನಿಜವಾಗಿಯೂ ಇದ್ದ ವೇಗ. ಹಾಗೆಯೇ 14.7 ಒಂದೂವರೆ ಸೆಕೆಂಡಿನದು, 9.8 ಒಂದು ಸೆಕೆಂಡಿನದು. ಮಕ್ಕಳು ತಪ್ಪು ವೇಗವನ್ನು ಕಂಡುಹಿಡಿಯಲಿಲ್ಲ. ಸರಿಯಾದ ವೇಗವನ್ನು ತಪ್ಪು ಸಾಲಿನಲ್ಲಿ ಬರೆದರು.

ಹಳೆಯ ಮೇಷ್ಟ್ರು · ರಾತ್ರಿ 9.31

ಕೊನೆಯ ವಾಕ್ಯವನ್ನು ನಾನು ಎರಡು ಸಲ ಓದಿದೆ. ನಾವು ಕಲಿಯುವ ಕಾಲದಲ್ಲಿ ವ್ಯತ್ಯಾಸದ ಕೋಷ್ಟಕವನ್ನು ಬರೆಯುವ ಕ್ರಮವೇ ಹಾಗಿತ್ತು. ಮೂಲ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು, ಅವುಗಳ ವ್ಯತ್ಯಾಸವನ್ನು ಎರಡು ಸಾಲುಗಳ ನಡುವಿನ ಜಾಗದಲ್ಲಿ, ಅರ್ಧ ಸಾಲು ಕೆಳಗೆ ಬರೆಯುತ್ತಿದ್ದೆವು. ಎರಡನೇ ವ್ಯತ್ಯಾಸ ಮತ್ತೆ ಮೂಲ ಸಾಲಿನ ನೇರಕ್ಕೆ ಬರುತ್ತಿತ್ತು. ಈಗ ಎಲ್ಲವನ್ನೂ ಚೌಕಟ್ಟಿನ ಮನೆಗಳಲ್ಲಿ ತುಂಬುವುದರಿಂದ ವ್ಯತ್ಯಾಸವು ಮೇಲಿನ ಸಾಲಿಗೋ ಕೆಳಗಿನ ಸಾಲಿಗೋ ಅಂಟಿಕೊಂಡುಬಿಡುತ್ತದೆ, ಅದು ನಡುವಿನದು ಎಂಬ ಅರಿವು ಅಳಿಸಿಹೋಗುತ್ತದೆ.

ಮೇಡಂ, ನಿಮ್ಮ ಕೋಷ್ಟಕವನ್ನು ಹಾಗೆ ಬರೆದು ನೋಡಿ. ಮೊದಲ ವ್ಯತ್ಯಾಸಗಳು 4.9, 14.7, 24.5, 34.3. ಇವು 1, 3, 5, 7ರ ಅನುಪಾತದಲ್ಲಿವೆ. ಗೆಲಿಲಿಯೊ ಕಂಡುಕೊಂಡ ಬೆಸಸಂಖ್ಯೆಗಳ ನಿಯಮ ಇದೇ. ಎರಡನೇ ವ್ಯತ್ಯಾಸಗಳೆಲ್ಲವೂ 9.8. ಸೂತ್ರವೊಂದನ್ನೂ ಬರೆಯದೆ ಗುರುತ್ವದ ವೇಗೋತ್ಕರ್ಷ ಕಣ್ಣೆದುರು ನಿಲ್ಲುತ್ತದೆ.

ಲಾಗರಿತಮ್ ಪುಸ್ತಕದ ಬಲಬದಿಯಲ್ಲಿ ‘ಮೀನ್ ಡಿಫರೆನ್ಸ್’ ಎಂಬ, ನಡುವಿನ ಬೆಲೆ ಪಡೆಯಲು ಕೂಡಬೇಕಾದ ಸಣ್ಣ ವ್ಯತ್ಯಾಸಗಳ ಕಂಬಸಾಲುಗಳು ಇರುತ್ತಿದ್ದವು. ಫೈನೈಟ್ ಡಿಫರೆನ್ಸ್ (ಕೋಷ್ಟಕದ ಬೆಲೆಗಳ ನಡುವಿನ ವ್ಯತ್ಯಾಸ) ಎಂಬ ಹೆಸರು ಕೇಳುವ ಮೊದಲೇ ನಾವೆಲ್ಲರೂ ಅದನ್ನು ದಿನವೂ ಬಳಸಿದ್ದೇವೆ. ಕೊಸೈನ್ ಕೋಷ್ಟಕದಲ್ಲಿ ಮೀನ್ ಡಿಫರೆನ್ಸನ್ನು ಕೂಡದೆ ಕಳೆಯಬೇಕು ಎಂಬುದನ್ನು ಮರೆತು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಕೊಸೈನ್ ಇಳಿಯುವ ಫಲನವಾದ್ದರಿಂದ ಅದರ ವ್ಯತ್ಯಾಸ ಋಣಾತ್ಮಕ ಎಂದು ಯಾರಾದರೂ ಒಂದು ಮಾತು ಹೇಳಿದ್ದರೆ ಆ ನಿಯಮವನ್ನು ಬಾಯಿಪಾಠ ಮಾಡಬೇಕಾಗಿರಲಿಲ್ಲ.

ಪದಕೋಶ · ರಾತ್ರಿ 9.50

ಗೊಂದಲದ ಅರ್ಧ ಭಾಗ ನಮ್ಮ ಮಾತಿನಲ್ಲಿಯೇ ಇದೆ. ‘ಎರಡನೇ ಸೆಕೆಂಡಿನಲ್ಲಿ’ ಎಂದರೆ 1ರಿಂದ 2ರವರೆಗಿನ ಅವಧಿ, ‘ಎರಡು ಸೆಕೆಂಡು ಆದಾಗ’ ಎಂದರೆ ಒಂದು ಕ್ಷಣ. ಪ್ರಶ್ನೆಪತ್ರಿಕೆಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬರೆಯುವುದನ್ನು ನೋಡಿದ್ದೇನೆ. ಮಕ್ಕಳು ಪ್ರಶ್ನೆಯನ್ನು ತರಗತಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗಲೂ ಹೀಗೆಯೇ ಬದಲಾಗಿರಬಹುದು.

ಪಾಠಪುಸ್ತಕದ ಕನ್ನಡ ಜವ ಮತ್ತು ವೇಗ ಎಂಬ ಎರಡು ಪದಗಳನ್ನು ಎಚ್ಚರದಿಂದ ಬೇರೆ ಮಾಡಿಟ್ಟಿದೆ: ಜವಕ್ಕೆ ದಿಕ್ಕಿಲ್ಲ, ವೇಗಕ್ಕೆ ದಿಕ್ಕಿದೆ. ಬೀದಿಯ ಕನ್ನಡದಲ್ಲಿ ಎರಡಕ್ಕೂ ವೇಗವೇ. ‘ಬಸ್ಸು ವೇಗ ಪಡೆಯಿತು’ ಎನ್ನುವಾಗ ನಾವು ವೇಗೋತ್ಕರ್ಷವನ್ನು ಕುರಿತು ಮಾತನಾಡುತ್ತಿರುತ್ತೇವೆ. ಹೀಗೆ ಮೂರು ಪರಿಕಲ್ಪನೆಗಳು ಒಂದೇ ಪದದಲ್ಲಿ ವಾಸಿಸುತ್ತವೆ.

ಬಿಎಸ್ಸಿ ಎರಡನೇ ವರ್ಷ · ರಾತ್ರಿ 10.02

ನನ್ನದೊಂದು ಸಂದೇಹ. ಡೆರಿವೇಟಿವ್‌ನ ವ್ಯಾಖ್ಯಾನದಲ್ಲಿ ನಾವು ಮುಂದಿನ ಬೆಲೆಯಿಂದ ಈಗಿನ ಬೆಲೆಯನ್ನು ಕಳೆಯುತ್ತೇವೆ, ಅಂದರೆ ಫಾರ್ವರ್ಡ್ ಡಿಫರೆನ್ಸನ್ನೇ ಬಳಸುತ್ತೇವೆ. ಹಾಗಿದ್ದರೆ ಅದೇ ಮೂಲಭೂತ ಅಲ್ಲವೇ? ಅದು ತಪ್ಪು ಉತ್ತರ ಕೊಡುತ್ತದೆ ಎಂದರೆ ವ್ಯಾಖ್ಯಾನವೇ ತಪ್ಪೇ?

ಕಲನಪ್ರಿಯ · ರಾತ್ರಿ 10.10

ವ್ಯಾಖ್ಯಾನದಲ್ಲಿ ಲಿಮಿಟ್ ಇದೆ, ಕೋಷ್ಟಕದಲ್ಲಿ ಇಲ್ಲ. ಹೆಜ್ಜೆಯನ್ನು ಸೊನ್ನೆಯತ್ತ ಒಯ್ದಾಗ ಫಾರ್ವರ್ಡ್, ಬ್ಯಾಕ್‌ವರ್ಡ್, ಸೆಂಟ್ರಲ್ ಮೂರೂ (ಅಂದರೆ ಮುಂದಿನದರಿಂದ ಈಗಿನದನ್ನು, ಈಗಿನದರಿಂದ ಹಿಂದಿನದನ್ನು, ಮುಂದಿನದರಿಂದ ಹಿಂದಿನದನ್ನು ಕಳೆದು ಆಯಾ ಅವಧಿಯಿಂದ ಭಾಗಿಸಿದವು) ಒಂದೇ ಸಂಖ್ಯೆಯನ್ನು ತಲುಪುತ್ತವೆ. ಹೆಜ್ಜೆ ಎಲ್ಲಿಯೋ ಒಂದೆಡೆ ನಿಂತಾಗ ಮಾತ್ರ ಅವು ಬೇರೆಯಾಗುತ್ತವೆ. ‘ಫೈನೈಟ್’ ಎಂಬ ಪದದ ತಾತ್ಪರ್ಯವೂ ಅದೇ: ಹೆಜ್ಜೆ ಸೊನ್ನೆಯಲ್ಲ, ಸೊನ್ನೆಯಾಗುವುದೂ ಇಲ್ಲ. ಫಲನಕ್ಕೆ ಅವಕಲನವೇ ಇಲ್ಲದ ಜಾಗದಲ್ಲಿ ಮಾತ್ರ ಎಚ್ಚರ ಬೇಕು. ನಿರಪೇಕ್ಷ ಬೆಲೆಯ (ಋಣ ಚಿಹ್ನೆ ಬಿಟ್ಟ ಬೆಲೆಯ) ಫಲನಕ್ಕೆ ಸೊನ್ನೆಯಲ್ಲಿ ಸೆಂಟ್ರಲ್ ಡಿಫರೆನ್ಸ್ ತೆಗೆದರೆ ಯಾವ ಹೆಜ್ಜೆಗೂ ಸೊನ್ನೆಯೇ ಬರುತ್ತದೆ, ಆದರೆ ಆ ಮೂಲೆಯಲ್ಲಿ ಅವಕಲನ ಇಲ್ಲ.

ಸಂಖ್ಯಾಯಂತ್ರ · ರಾತ್ರಿ 10.34

ನಾನು ಗಣಕದಲ್ಲಿ ಇಂಥ ಲೆಕ್ಕಗಳನ್ನು ಮಾಡುವ ಕೆಲಸದಲ್ಲಿದ್ದೇನೆ. ಮೇಲಿನ ವಿವರಣೆ ಓದಿದವರು ‘ಹಾಗಾದರೆ ಹೆಜ್ಜೆಯನ್ನು ಆದಷ್ಟು ಚಿಕ್ಕದು ಮಾಡಿದರೆ ಸಾಕು’ ಎಂದುಕೊಳ್ಳಬಹುದು. ಹೊಸದಾಗಿ ಸೇರಿದವರು ಮಾಡುವ ಮೊದಲ ತಪ್ಪು ಅದೇ.

ರೇಡಿಯನ್ ಅಳತೆಯಲ್ಲಿ ಸೈನ್ ಫಲನದ ಅವಕಲನವನ್ನು 1ರಲ್ಲಿ ಕಂಡುಹಿಡಿಯೋಣ. ನಿಜವಾದ ಬೆಲೆ 0.540302. ಹೆಜ್ಜೆ 0.1 ಇಟ್ಟುಕೊಂಡರೆ ಫಾರ್ವರ್ಡ್ ಡಿಫರೆನ್ಸ್ 0.4974 ಕೊಡುತ್ತದೆ, ಸೆಂಟ್ರಲ್ ಡಿಫರೆನ್ಸ್ 0.5394 ಕೊಡುತ್ತದೆ. ಮೊದಲನೆಯದರ ದೋಷ ಸುಮಾರು 0.043, ಎರಡನೆಯದರದು 0.0009. ಹೆಜ್ಜೆಯನ್ನು 0.01ಕ್ಕೆ ಇಳಿಸಿದರೆ ಮೊದಲ ದೋಷ ಹತ್ತನೇ ಒಂದರಷ್ಟಾಗುತ್ತದೆ, ಎರಡನೆಯ ದೋಷ ನೂರನೇ ಒಂದರಷ್ಟಾಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿದೆ.

ಆದರೆ ಗಣಕವು ಒಂದು ಸಂಖ್ಯೆಯನ್ನು ಸುಮಾರು 16 ಅಂಕಿಗಳವರೆಗೆ ಮಾತ್ರ ಹಿಡಿದಿಡುತ್ತದೆ. ಹೆಜ್ಜೆ 10⁻¹⁶ ಆದಾಗ 1ಕ್ಕೆ ಅದನ್ನು ಕೂಡಿದರೂ ಗಣಕದ ಪಾಲಿಗೆ ಅದು 1 ಆಗಿಯೇ ಉಳಿಯುತ್ತದೆ. ವ್ಯತ್ಯಾಸ ಸೊನ್ನೆ, ಅವಕಲನವೂ ಸೊನ್ನೆ ಎಂದು ಉತ್ತರ ಬರುತ್ತದೆ. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದಾಗ ಅರ್ಥವುಳ್ಳ ಅಂಕಿಗಳೆಲ್ಲ ರದ್ದಾಗಿ, ದುಂಡುಮಾಡಿದ ಕೊಳೆ ಮಾತ್ರ ಉಳಿಯುತ್ತದೆ. ಫಾರ್ವರ್ಡ್ ಡಿಫರೆನ್ಸಿಗೆ ಹೆಜ್ಜೆ ಸುಮಾರು 10⁻⁸ರ ಹತ್ತಿರ, ಸೆಂಟ್ರಲ್ ಡಿಫರೆನ್ಸಿಗೆ ಸುಮಾರು 10⁻⁵ರ ಹತ್ತಿರ ಇದ್ದಾಗ ದೋಷ ಅತ್ಯಂತ ಕಡಿಮೆ. ಅದಕ್ಕಿಂತ ಕೆಳಗಿಳಿದರೆ ಉತ್ತರ ಕೆಡುತ್ತದೆ.

ಆದ್ದರಿಂದ ಎರಡು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಫಲನವನ್ನು ಸರಣಿಯಾಗಿ ಬಿಡಿಸಿ ಅದರ ಮುಂದಿನ ಪದಗಳನ್ನು ಕತ್ತರಿಸಿದ್ದರಿಂದ ಬಂದ ಟ್ರಂಕೇಷನ್ ದೋಷ ಗಣಿತದ್ದು, ಹೆಜ್ಜೆ ಚಿಕ್ಕದಾದಂತೆ ಇಳಿಯುತ್ತದೆ. ಅಂಕಿಗಳನ್ನು ದುಂಡುಮಾಡಿದ್ದರಿಂದ ಬಂದ ರೌಂಡ್-ಆಫ್ ದೋಷ ಯಂತ್ರದ್ದು, ಹೆಜ್ಜೆ ಚಿಕ್ಕದಾದಂತೆ ಏರುತ್ತದೆ.

ಅಳತೆಗೋಲು · ರಾತ್ರಿ 11.15

ಸಂಖ್ಯಾಯಂತ್ರ ಅವರ ಮಾತು ಸರಿ, ಆದರೆ ಪ್ರಯೋಗಾಲಯದಲ್ಲಿ 16 ಅಂಕಿಗಳ ಭಾಗ್ಯ ಯಾರಿಗಿದೆ? ನಮ್ಮಲ್ಲಿ ಅಡ್ಡಿ ಬಹಳ ಮೊದಲೇ ಎದುರಾಗುತ್ತದೆ.

50 ಹರ್ಟ್ಸ್‌ನ ಟಿಕರ್ ಟೈಮರ್ ಕಾಗದದ ಪಟ್ಟಿಯ ಮೇಲೆ 0.02 ಸೆಕೆಂಡಿಗೊಂದು ಚುಕ್ಕೆ ಹಾಕುತ್ತದೆ. ಚುಕ್ಕೆಯ ಸ್ಥಾನವನ್ನು ಅಳೆಯುವಾಗ ಒಂದು ಮಿಲಿಮೀಟರ್ ಆಚೀಚೆ ಆಗುತ್ತದೆ ಎಂದುಕೊಳ್ಳಿ. ಮೊದಲ ವ್ಯತ್ಯಾಸದಲ್ಲಿ ಎರಡು ಸ್ಥಾನಗಳಿವೆ, ಆದ್ದರಿಂದ ಅತಿ ಕೆಟ್ಟ ಸಂದರ್ಭದಲ್ಲಿ ದೋಷ 2 ಮಿ.ಮೀ.; 0.02ರಿಂದ ಭಾಗಿಸಿದರೆ ವೇಗದ ದೋಷ ಸೆಕೆಂಡಿಗೆ 0.1 ಮೀಟರ್. ಇದನ್ನು ಸಹಿಸಿಕೊಳ್ಳಬಹುದು. ವೇಗೋತ್ಕರ್ಷಕ್ಕೆ ಎರಡನೇ ವ್ಯತ್ಯಾಸ ಬೇಕು: ಹಿಂದಿನ ಸ್ಥಾನ ಮತ್ತು ಮುಂದಿನ ಸ್ಥಾನಗಳನ್ನು ಕೂಡಿ, ನಡುವಿನದರ ಎರಡರಷ್ಟನ್ನು ಕಳೆಯಬೇಕು. ದೋಷ 4 ಮಿ.ಮೀ.ವರೆಗೆ ಹೋಗಬಹುದು, ಭಾಜಕ 0.02ರ ವರ್ಗವಾದ 0.0004. ಫಲಿತಾಂಶ 10! ಅಳೆಯಲು ಹೊರಟ 9.8ಕ್ಕಿಂತ ದೋಷವೇ ದೊಡ್ಡದು.

ಅದೇ ಪಟ್ಟಿಯಲ್ಲಿ ಪ್ರತಿ ಐದನೇ ಚುಕ್ಕೆಯನ್ನು ಮಾತ್ರ ತೆಗೆದುಕೊಂಡು ಹೆಜ್ಜೆಯನ್ನು 0.1 ಸೆಕೆಂಡು ಮಾಡಿದರೆ ದೋಷ 0.4ಕ್ಕೆ ಇಳಿಯುತ್ತದೆ. ಬೀಳುವ ಕಲ್ಲಿಗೆ ಎರಡನೇ ವ್ಯತ್ಯಾಸ ಯಾವ ಹೆಜ್ಜೆಗೂ ನಿಖರವೇ ಆದ್ದರಿಂದ ದೊಡ್ಡ ಹೆಜ್ಜೆಯಿಂದ ನಷ್ಟವೇನೂ ಇಲ್ಲ. ವಿದ್ಯಾರ್ಥಿಗಳು ಹೆಚ್ಚು ಚುಕ್ಕೆ ಬಳಸಿದಷ್ಟೂ ಒಳ್ಳೆಯದು ಎಂದು ನಂಬಿ ಒತ್ತೊತ್ತಾಗಿ ಅಳೆದು, ಕೊನೆಗೆ ಉಪಕರಣವನ್ನು ದೂರುತ್ತಾರೆ.

ಜ್ಯೋತಿರ್ಗಣಿತ · ಮಂಗಳವಾರ, ಬೆಳಿಗ್ಗೆ 6.20

ಸಹ್ಯಾದ್ರಿ ಮೇಡಂ, ನಿಮ್ಮ ವಿದ್ಯಾರ್ಥಿನಿ ಮಾಡಿದ್ದನ್ನು ಅದೃಷ್ಟ ಎಂದ ಸಹೋದ್ಯೋಗಿಗೆ ಈ ಚರಿತ್ರೆಯನ್ನು ತಿಳಿಸಿ.

ಆರ್ಯಭಟ 499ರಲ್ಲಿ ಬರೆದ ಆರ್ಯಭಟೀಯದಲ್ಲಿ ಜ್ಯಾಗಳ (ತ್ರಿಜ್ಯದಿಂದ ಗುಣಿಸಿದ ಸೈನ್ ಬೆಲೆಗಳ) ಕೋಷ್ಟಕವಿದೆ. ಅವನು ಜ್ಯಾಗಳನ್ನು ಕೊಡುವುದಿಲ್ಲ, ಅವುಗಳ ವ್ಯತ್ಯಾಸಗಳನ್ನು ಕೊಡುತ್ತಾನೆ. ಅವನ ಅಕ್ಷರಸಂಖ್ಯೆಯಲ್ಲಿ ‘ಮಖಿ’ ಎಂದರೆ 225: ಮ 25, ಖಿ 200. ‘ಭಖಿ’ 224, ‘ಫಖಿ’ 222, ‘ಧಖಿ’ 219. ಹೀಗೆ 3 ಡಿಗ್ರಿ 45 ಮಿನಿಟುಗಳ ಹೆಜ್ಜೆಯಲ್ಲಿ 24 ವ್ಯತ್ಯಾಸಗಳು ಒಂದೇ ಪದ್ಯದಲ್ಲಿ ಅಡಗಿವೆ. ಮೊದಲ ಎಂಟನ್ನು, ಅಂದರೆ 225, 224, 222, 219, 215, 210, 205, 199 ಇವನ್ನು ಕೂಡಿದರೆ 1719 ಬರುತ್ತದೆ. ಅದು 30 ಡಿಗ್ರಿಯ ಜ್ಯಾ, ತ್ರಿಜ್ಯವಾದ 3438ರ ಸರಿಯಾಗಿ ಅರ್ಧ.

ಬ್ರಹ್ಮಗುಪ್ತ 665ರ ಖಂಡಖಾದ್ಯಕದಲ್ಲಿ, ಕೋಷ್ಟಕದ ಎರಡು ಸಾಲುಗಳ ನಡುವಿನ ಬೆಲೆಯನ್ನು ಕಂಡುಹಿಡಿಯಲು, ದಾಟಿ ಬಂದ ವ್ಯತ್ಯಾಸ ಮತ್ತು ದಾಟಬೇಕಾದ ವ್ಯತ್ಯಾಸ ಎರಡರ ಮೊತ್ತದ ಅರ್ಧವನ್ನು ತೆಗೆದುಕೊಂಡು, ಅದಕ್ಕೆ ಅವೆರಡರ ಅಂತರದಿಂದ ತಿದ್ದುಪಡಿ ಮಾಡಬೇಕು ಎನ್ನುತ್ತಾನೆ. 14.7 ದಾಟಿ ಬಂದದ್ದು, 24.5 ದಾಟಬೇಕಾದದ್ದು. ನಿಮ್ಮ ವಿದ್ಯಾರ್ಥಿನಿ ಆ ನಿಯಮದ ಮೊದಲ ಅರ್ಧವನ್ನು ತಾನಾಗಿಯೇ ತಲುಪಿದ್ದಾಳೆ.

ಇನ್ನು ಭಾಸ್ಕರಾಚಾರ್ಯನ ಮಾತು. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಅವನು ಗ್ರಹಗಳ ದಿನದ ಸ್ಥೂಲ ಗತಿಯಿಂದ ‘ತಾತ್ಕಾಲಿಕ ಗತಿ’ಯನ್ನು ಬೇರ್ಪಡಿಸುತ್ತಾನೆ. ಇಂದಿನ ಮತ್ತು ನಾಳಿನ ಸ್ಥಾನಗಳ ವ್ಯತ್ಯಾಸ ಸ್ಥೂಲವಾದದ್ದು. ಚಂದ್ರನ ಗತಿ ಬೇಗಬೇಗ ಬದಲಾಗುವುದರಿಂದ, ತಿಥಿಯ ಅಂತ್ಯ ಹತ್ತಿರವಿರುವಾಗ ಆ ಕ್ಷಣದ ಗತಿಯನ್ನೇ ಬಳಸಬೇಕು ಎಂಬುದು ಅವನ ಎಚ್ಚರಿಕೆ. ಜ್ಯಾದ ವ್ಯತ್ಯಾಸವನ್ನೂ ಅವನು ಆಯಾ ಸ್ಥಾನಕ್ಕೆ ತಕ್ಕಂತೆ ಲೆಕ್ಕಹಾಕುತ್ತಾನೆ: 225ನ್ನು ಕೋಟಿಜ್ಯಾದಿಂದ (ತ್ರಿಜ್ಯದಿಂದ ಗುಣಿಸಿದ ಕೊಸೈನ್‌ನಿಂದ) ಗುಣಿಸಿ ತ್ರಿಜ್ಯದಿಂದ ಭಾಗಿಸಬೇಕು. 30 ಡಿಗ್ರಿಯಲ್ಲಿ ಅದು ಸುಮಾರು 194.9. ಈಗ ಆರ್ಯಭಟನ ಕೋಷ್ಟಕದಲ್ಲಿ 30 ಡಿಗ್ರಿಯ ಹಿಂದಿನ ವ್ಯತ್ಯಾಸ 199, ಮುಂದಿನದು 191; ಸರಾಸರಿ 195.

‘ತಾತ್ಕಾಲಿಕ’ ಎಂದರೆ ‘ಆ ಕಾಲದ್ದು’ ಎಂದು ಅರ್ಥ. ಇಂದಿನ ಕನ್ನಡದಲ್ಲಿ ಅದು ‘ಕೆಲವು ದಿನಗಳ ಮಟ್ಟಿಗೆ’ ಎಂಬ ಅರ್ಥಕ್ಕೆ ಸರಿದುಹೋದದ್ದು ನನಗೆ ನೋವಿನ ಸಂಗತಿ. ಇಷ್ಟು ಸೊಗಸಾದ ಪದ ನಮ್ಮ ಕೈತಪ್ಪಿತು.

ಕರಾವಳಿ · ಬೆಳಿಗ್ಗೆ 7.05

ಹಾಗಾದರೆ ಕಲನಶಾಸ್ತ್ರವನ್ನು (ಕ್ಯಾಲ್ಕುಲಸ್) ಆರ್ಯಭಟನೇ ಕಂಡುಹಿಡಿದ ಎಂದು ಧೈರ್ಯವಾಗಿ ಹೇಳಬಹುದಲ್ಲವೇ?

ಜ್ಯೋತಿರ್ಗಣಿತ · ಬೆಳಿಗ್ಗೆ 7.30

ಹೇಳಬಾರದು. ನಾವು ಇಲ್ಲಿ ನಿವಾರಿಸಲು ಹೊರಟ ಗೊಂದಲವನ್ನೇ ಆ ಮಾತು ಮತ್ತೆ ತರುತ್ತದೆ. ವ್ಯತ್ಯಾಸಗಳ ಕೋಷ್ಟಕ ಅವಕಲನವಲ್ಲ. ಆರ್ಯಭಟನ ಹಿರಿಮೆ ವ್ಯತ್ಯಾಸಗಳನ್ನು, ಮತ್ತು ಎರಡನೇ ವ್ಯತ್ಯಾಸವು ಜ್ಯಾಗೇ ಅನುಪಾತದಲ್ಲಿದೆ ಎಂಬುದನ್ನು ಕಂಡದ್ದರಲ್ಲಿದೆ. ಅವನ ನಿಯಮದಲ್ಲಿ ಆ ಅನುಪಾತದ ಭಾಜಕ 225. ಕೇರಳದ ನೀಲಕಂಠ ಸೋಮಯಾಜಿ ತಂತ್ರಸಂಗ್ರಹದಲ್ಲಿ ಅದನ್ನು 233½ ಎಂದು ತಿದ್ದಿದ. ಇಂದಿನ ಲೆಕ್ಕದಲ್ಲಿಯೂ ಅದು 233.5ರ ಹತ್ತಿರವೇ ಬರುತ್ತದೆ. ಅವರಿಗೆ ಸಲ್ಲಬೇಕಾದ ಗೌರವ ಇಷ್ಟು ದೊಡ್ಡದಿರುವಾಗ, ಅವರು ಮಾಡದ್ದನ್ನು ಅವರ ತಲೆಗೆ ಕಟ್ಟುವ ಅಗತ್ಯವಿಲ್ಲ.

ಕರಾವಳಿ · ಬೆಳಿಗ್ಗೆ 7.41

ಒಪ್ಪಿದೆ ಸರ್. 225ರಿಂದ 233½ಕ್ಕೆ ಬಂದ ಕಥೆ ನನಗೆ ಗೊತ್ತಿರಲಿಲ್ಲ.

ಬಿಎಸ್ಸಿ ಎರಡನೇ ವರ್ಷ · ಬೆಳಿಗ್ಗೆ 8.15

ಇನ್ನೊಂದು ಗೊಂದಲ ನನ್ನನ್ನು ಮೌಖಿಕ ಪರೀಕ್ಷೆಯಲ್ಲಿಯೇ ಕಾಡಿತು. ‘ಸೆಂಟ್ರಲ್ ಡಿಫರೆನ್ಸ್ ಎರಡನೇ ಆರ್ಡರಿನದು’ ಎಂದು ನಾನು ಹೇಳಿದೆ. ಪರೀಕ್ಷಕರು ‘ಅದು ಮೊದಲ ಆರ್ಡರಿನ ಡಿಫರೆನ್ಸ್ ಅಲ್ಲವೇ’ ಎಂದರು. ಇಬ್ಬರಲ್ಲಿ ಯಾರು ಸರಿ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಜೊತೆಗೆ ಡೆಲ್ಟಾ ಮತ್ತು ನಾಬ್ಲಾ ಚಿಹ್ನೆಗಳು ಪ್ರತಿ ಪುಸ್ತಕದಲ್ಲಿಯೂ ಬೇರೆ ಬೇರೆ ಅರ್ಥ ಕೊಡುತ್ತವೆ.

ಕಲನಪ್ರಿಯ · ಬೆಳಿಗ್ಗೆ 8.48

ಇಬ್ಬರೂ ಸರಿ. ಆರ್ಡರ್ ಎಂಬ ಪದಕ್ಕೆ ಇಲ್ಲಿ ಎರಡು ಕೆಲಸ. ಎಷ್ಟು ಸಲ ವ್ಯತ್ಯಾಸ ತೆಗೆದಿದ್ದೇವೆ ಎಂಬುದು ವ್ಯತ್ಯಾಸದ ಆರ್ಡರ್. ಹೆಜ್ಜೆಯನ್ನು ಅರ್ಧ ಮಾಡಿದರೆ ದೋಷ ಎಷ್ಟು ಇಳಿಯುತ್ತದೆ ಎಂಬುದು ನಿಖರತೆಯ ಆರ್ಡರ್. ದೋಷ ಅರ್ಧವಾದರೆ ಮೊದಲನೆಯದು, ಕಾಲುಭಾಗವಾದರೆ ಎರಡನೆಯದು. ಸೆಂಟ್ರಲ್ ಡಿಫರೆನ್ಸ್ ಮೊದಲ ಅವಕಲನಕ್ಕೆ ಎರಡನೇ ಆರ್ಡರಿನ ನಿಖರತೆಯುಳ್ಳ ಅಂದಾಜು. ಪೂರ್ತಿ ವಾಕ್ಯ ಹೇಳಿದ್ದರೆ ಪರೀಕ್ಷಕರು ಒಪ್ಪುತ್ತಿದ್ದರು.

ಚಿಹ್ನೆಗಳ ವಿಷಯ: ಸಂಖ್ಯಾತ್ಮಕ ವಿಶ್ಲೇಷಣೆಯಲ್ಲಿ ತಲೆಕೆಳಗಾದ ತ್ರಿಕೋನವಾದ ನಾಬ್ಲಾ ಬ್ಯಾಕ್‌ವರ್ಡ್ ಡಿಫರೆನ್ಸಿನ ಗುರುತು, ವೆಕ್ಟರ್ ಕಲನದಲ್ಲಿ ಅದೇ ಗ್ರೇಡಿಯಂಟ್. ದೊಡ್ಡ ಡೆಲ್ಟಾ ಒಂದು ಕಡೆ ಫಾರ್ವರ್ಡ್ ಡಿಫರೆನ್ಸ್, ಇನ್ನೊಂದು ಕಡೆ ಲಾಪ್ಲಾಸಿಯನ್, ಭೌತವಿಜ್ಞಾನದ ಪಾಠದಲ್ಲಿ ಕೇವಲ ‘ಬದಲಾವಣೆ’. ಪುಸ್ತಕದ ಮೊದಲ ಪುಟಗಳಲ್ಲಿ ಲೇಖಕರು ಏನು ಹೇಳಿದ್ದಾರೆ ಎಂದು ನೋಡಿಕೊಂಡೇ ಮುಂದುವರಿಯಬೇಕು.

ವ್ಯತ್ಯಾಸದ ಲೋಕ ಅವಕಲನದ ಲೋಕದ ಪಡಿಯಚ್ಚು ಎಂದೂ ಭಾವಿಸಬೇಡಿ. ಅವಕಲನದಲ್ಲಿ ತಾನಾಗಿಯೇ ಉಳಿಯುವ ಫಲನ ‘ಇ’ (ಸುಮಾರು 2.718) ಎಂಬ ಸ್ಥಿರಾಂಕದ ಘಾತ. ಒಂದರ ಹೆಜ್ಜೆಯ ವ್ಯತ್ಯಾಸದಲ್ಲಿ ಹಾಗೆ ಉಳಿಯುವುದು 2ರ ಘಾತ: 1, 2, 4, 8, 16ರ ವ್ಯತ್ಯಾಸಗಳು ಮತ್ತೆ 1, 2, 4, 8.

ಹಳೆಯ ಮೇಷ್ಟ್ರು · ಬೆಳಿಗ್ಗೆ 9.10

1, 2, 4, 8, 16 ಎಂದಿರಿ. ಮುಂದಿನ ಸಂಖ್ಯೆ 32 ಎಂದು ಎಲ್ಲರೂ ಹೇಳುತ್ತಾರೆ. ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು, ಯಾವ ಮೂರು ರೇಖೆಗಳೂ ಒಳಗೆ ಒಂದೇ ಕಡೆ ಸೇರದಂತೆ ಎಲ್ಲ ಜೋಡಿಗಳನ್ನೂ ಸೇರಿಸಿ, ಆಗುವ ಭಾಗಗಳನ್ನು ಎಣಿಸಿ: 1, 2, 4, 8, 16, ಆರನೆಯದು 31. ಅದರ ನಾಲ್ಕನೇ ವ್ಯತ್ಯಾಸ ಸ್ಥಿರ, ಅದು ನಾಲ್ಕನೇ ಘಾತದ ಬಹುಪದ. ಕೊಟ್ಟ ಕೆಲವೇ ಸಂಖ್ಯೆಗಳ ವ್ಯತ್ಯಾಸ ನೋಡಿ ನಿಯಮವನ್ನು ಘೋಷಿಸುವುದು ಬಹಳ ಸಾಮಾನ್ಯವಾದ ತಪ್ಪು.

ಮನೆಮೀಟರ್ · ಬೆಳಿಗ್ಗೆ 10.22

ನಾನು ವಿದ್ಯುತ್ ಕೆಲಸದವನು, ಗಣಿತ ಹೆಚ್ಚು ತಿಳಿಯದು. ಆದರೆ ಈ ಚರ್ಚೆ ಪ್ರತಿ ಮನೆಯ ಮೀಟರಿನಲ್ಲಿ ನಡೆಯುತ್ತಿದೆ ಎಂದು ನನಗೆ ಅನ್ನಿಸಿತು. ಮೀಟರು ತೋರಿಸುವುದು ಇಲ್ಲಿಯವರೆಗೆ ಬಳಸಿದ ಒಟ್ಟು ಶಕ್ತಿ. ಬಿಲ್ಲು ಬರುವುದು ಎರಡು ರೀಡಿಂಗುಗಳ ವ್ಯತ್ಯಾಸಕ್ಕೆ. ತಿಂಗಳಿಗೆ 150 ಯೂನಿಟ್ ಬಂದರೆ, 30 ದಿನದ 720 ಗಂಟೆಗಳಿಂದ ಭಾಗಿಸಿದಾಗ ಸರಾಸರಿ ಸಾಮರ್ಥ್ಯ ಸುಮಾರು 208 ವಾಟ್. ‘ನಮ್ಮ ಮನೆ 208 ವಾಟ್‌ನಷ್ಟೇ ಎಳೆಯುತ್ತದೆ, ಸಣ್ಣ ವೈರ್ ಸಾಕು’ ಎಂದು ಒಬ್ಬರು ನನ್ನ ಜೊತೆ ವಾದಿಸಿದರು. ಬೆಳಿಗ್ಗೆ ಗೀಸರ್ ಹಾಕಿದ ಕ್ಷಣದಲ್ಲಿ 2,000 ವಾಟ್ ಹರಿಯುತ್ತದೆ, ವೈರು ಬಿಸಿಯಾಗುವುದು ಆ ಕ್ಷಣದ್ದಕ್ಕೆ. ತಿಂಗಳ ಸರಾಸರಿ ವೈರನ್ನು ಕಾಪಾಡುವುದಿಲ್ಲ.

ಯೂನಿಟ್ ಎಂದರೆ ಕಿಲೊವಾಟ್ ಗಂಟೆ, ಅದು ಶಕ್ತಿ. ಕಿಲೊವಾಟ್ ಎಂಬುದು ಸಾಮರ್ಥ್ಯ. ‘ಗಂಟೆಗೆ ಎಷ್ಟು ಕಿಲೊವಾಟ್’ ಎಂದು ಕೇಳುವವರು ದಿನವೂ ಸಿಗುತ್ತಾರೆ.

ಪದಕೋಶ · ಬೆಳಿಗ್ಗೆ 10.50

ಮನೆಮೀಟರ್ ಅವರೇ, ಬಹಳ ಒಳ್ಳೆಯ ಉದಾಹರಣೆ. ಇದೇ ಜಾತಿಯ ಇನ್ನೊಂದು ತಪ್ಪು ತಾಪಕ್ಕೂ ತಾಪದ ವ್ಯತ್ಯಾಸಕ್ಕೂ ಸಂಬಂಧಿಸಿದ್ದು. 10 ಡಿಗ್ರಿ ಸೆಲ್ಸಿಯಸ್ ತಾಪ ಎಂದರೆ 50 ಡಿಗ್ರಿ ಫ್ಯಾರನ್‌ಹೀಟ್. ಆದರೆ ತಾಪ 10 ಡಿಗ್ರಿ ಸೆಲ್ಸಿಯಸ್ ಏರಿತು ಎಂದರೆ ಏರಿಕೆ 18 ಡಿಗ್ರಿ ಫ್ಯಾರನ್‌ಹೀಟ್ ಮಾತ್ರ, ಏಕೆಂದರೆ ಪರಿವರ್ತನೆಯ ಸೂತ್ರದಲ್ಲಿ ಕೂಡುವ 32 ಕಳೆಯುವಾಗ ರದ್ದಾಗುತ್ತದೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ 1.5 ಡಿಗ್ರಿ ಸೆಲ್ಸಿಯಸ್ ಏರಿಕೆ ಫ್ಯಾರನ್‌ಹೀಟ್‌ನಲ್ಲಿ 2.7 ಡಿಗ್ರಿ, ಪರಿವರ್ತನೆಯ ಸೂತ್ರಕ್ಕೆ ಕಣ್ಣುಮುಚ್ಚಿ ಹಾಕಿದರೆ 34.7 ಎಂದು ಬಂದು ಅನರ್ಥವಾಗುತ್ತದೆ. ಇದರ ಮೇಲೆ ಪಾಠಪುಸ್ತಕದ ‘ತಾಪ’ವನ್ನು ಪತ್ರಿಕೆಗಳು ‘ಉಷ್ಣಾಂಶ’ ಎನ್ನುತ್ತವೆ, ಆಗ ಉಷ್ಣವೂ ತಾಪವೂ ಒಂದೇ ಎಂಬ ಭಾವನೆ ಬೇರೂರುತ್ತದೆ.

ಸಂಖ್ಯಾಯಂತ್ರ · ಮಧ್ಯಾಹ್ನ 1.15

ಹವಾಮಾನದ ಮಾತು ಬಂದದ್ದರಿಂದ ಒಂದು ಸಂಗತಿ. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಫೈನೈಟ್ ಡಿಫರೆನ್ಸ್ ಬಳಸಿ 1910ರ ಮೇ 20ರ ಹವಾಮಾನವನ್ನು ಕೈಯಿಂದಲೇ ಲೆಕ್ಕಹಾಕಿದ್ದಾರೆ. ಆರು ಗಂಟೆಗಳಲ್ಲಿ ವಾಯುಭಾರ 145 ಹೆಕ್ಟೊಪಾಸ್ಕಲ್ ಏರುತ್ತದೆ ಎಂದು ಉತ್ತರ ಬಂದಿತು. ನಿಜದಲ್ಲಿ ಅಂದು ವಾಯುಭಾರ ಹೆಚ್ಚುಕಡಿಮೆ ಸ್ಥಿರವಾಗಿತ್ತು. ಹೆಜ್ಜೆ ದೊಡ್ಡದಾದರೆ ಲೆಕ್ಕ ಸ್ಫೋಟಿಸುತ್ತದೆ ಎಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಅಳತೆಗೋಲು · ಮಧ್ಯಾಹ್ನ 1.52

ಇದನ್ನು ನಾನು ಒಪ್ಪಲಾರೆ. ಗಣಿತಜ್ಞರಾದ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲಿ ತೋರಿಸಿದ ಅಸ್ಥಿರತೆ ನಿಜವಾದದ್ದೇ. ಕಾಲದ ಹೆಜ್ಜೆ ಮಿತಿ ಮೀರಿದರೆ ಪ್ರತಿ ಹೆಜ್ಜೆಯಲ್ಲಿಯೂ ದೋಷ ಬೆಳೆಯುತ್ತದೆ. ಆದರೆ ಬೆಳೆಯಲು ಅನೇಕ ಹೆಜ್ಜೆಗಳು ಬೇಕು. ರಿಚರ್ಡ್‌ಸನ್ ಲೆಕ್ಕಹಾಕಿದ್ದು ಒಂದೇ ಹೆಜ್ಜೆಯ ಬದಲಾವಣೆಯನ್ನು. ಅಲ್ಲಿ ಕೆಟ್ಟದ್ದು ಆರಂಭದ ದತ್ತಾಂಶ. ಒಂದು ಪ್ರದೇಶಕ್ಕೆ ಒಳಬರುವ ಗಾಳಿ ಮತ್ತು ಹೊರಹೋಗುವ ಗಾಳಿ ಎರಡೂ ದೊಡ್ಡ ಮೊತ್ತಗಳು, ವಾಯುಭಾರದ ಬದಲಾವಣೆ ಅವುಗಳ ಸಣ್ಣ ವ್ಯತ್ಯಾಸ. ಗಾಳಿಯ ಅಳತೆಯಲ್ಲಿನ ಸ್ವಲ್ಪ ದೋಷವೂ ಆ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ನಿನ್ನೆ ನಾನು ಹೇಳಿದ ಟಿಕರ್ ಟೈಮರಿನ ಕಥೆಯೇ ಇದು, ಯೂರೋಪಿನ ಆಕಾಶದ ಗಾತ್ರದಲ್ಲಿ.

ಸಂಖ್ಯಾಯಂತ್ರ · ಮಧ್ಯಾಹ್ನ 2.20

ಒಪ್ಪಿಕೊಳ್ಳುತ್ತೇನೆ. ಅಸ್ಥಿರತೆ ಬೇರೆ, ಅನಿಖರತೆ ಬೇರೆ ಎಂಬುದನ್ನು ನಾನೇ ಇತರರಿಗೆ ಹೇಳುತ್ತಿದ್ದೆ. ಈ ಉದಾಹರಣೆಯಲ್ಲಿ ಇಷ್ಟು ವರ್ಷ ಎರಡನ್ನೂ ಬೆರೆಸಿಕೊಂಡಿದ್ದೆ. ಅಸ್ಥಿರತೆಗೆ ಸರಿಯಾದ ಉದಾಹರಣೆ ವಸ್ತುವಿನಲ್ಲಿ ಉಷ್ಣ ಹರಡುವುದನ್ನು ವಿವರಿಸುವ ಉಷ್ಣದ ಸಮೀಕರಣ. ಅದರ ಸರಳ ವಿಧಾನದಲ್ಲಿ ಉಷ್ಣ ವಿಸರಣಾಂಕವನ್ನು ಕಾಲದ ಹೆಜ್ಜೆಯಿಂದ ಗುಣಿಸಿ, ಸ್ಥಳದ ಹೆಜ್ಜೆಯ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ ಅರ್ಧವನ್ನು ಮೀರಬಾರದು. ಸ್ಥಳದ ಹೆಜ್ಜೆಯನ್ನು ಅರ್ಧ ಮಾಡಿ ಕಾಲದ ಹೆಜ್ಜೆಯನ್ನು ಹಾಗೆಯೇ ಬಿಟ್ಟರೆ ಆ ಸಂಖ್ಯೆ ನಾಲ್ಕರಷ್ಟಾಗುತ್ತದೆ. ನಿಖರತೆ ಹೆಚ್ಚಿಸಲು ಹೋಗಿ ಲೆಕ್ಕವನ್ನೇ ಕೆಡಿಸಿಕೊಂಡವರು ಬಹಳ ಮಂದಿ.

ಸಹ್ಯಾದ್ರಿ · ಮಂಗಳವಾರ, ರಾತ್ರಿ 9.00

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ಮೇಷ್ಟ್ರು ಹೇಳಿದಂತೆ ವ್ಯತ್ಯಾಸಗಳನ್ನು ಸಾಲುಗಳ ನಡುವೆ ಬರೆದೆ. 14.7ನ್ನು 1 ಮತ್ತು 2ರ ನಡುವೆ, 24.5ನ್ನು 2 ಮತ್ತು 3ರ ನಡುವೆ ಇಟ್ಟ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ ‘2ರ ನೇರಕ್ಕೆ ಬೇಕಾದರೆ ಇವೆರಡರ ಮಧ್ಯದ್ದು ಬೇಕು’ ಎಂದ. ನಿನ್ನೆ ಅನುಮಾನಕ್ಕೆ ಒಳಗಾದ ವಿದ್ಯಾರ್ಥಿನಿಯ ಮುಖದಲ್ಲಿ ನೆಮ್ಮದಿ ಕಂಡಿತು. ದೂರದ 19.6 ಮತ್ತು ವೇಗದ 19.6 ಹೊಂದಿಕೊಂಡದ್ದು 2 ಸೆಕೆಂಡಿಗೆ ಮಾತ್ರ ಎಂಬುದನ್ನು 3ರ ಸಾಲಿನಿಂದ ತೋರಿಸಿದೆ: ಅಲ್ಲಿ ದೂರ 44.1, ವೇಗ 29.4.

ಆದರೆ ಅವಳು ಮತ್ತೊಂದು ಪ್ರಶ್ನೆ ಕೇಳಿದಳು. ‘ದೂರ ಕಾಲದ ವರ್ಗಕ್ಕೆ ಬದಲಾಗಿ ಘನಕ್ಕೆ ಅನುಪಾತದಲ್ಲಿದ್ದರೆ ಆಗಲೂ ಸರಾಸರಿ ಸರಿಯಾದ ಉತ್ತರ ಕೊಡುತ್ತದೆಯೇ?’ ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ.

ಕಲನಪ್ರಿಯ · ರಾತ್ರಿ 9.25

ಕೊಡುವುದಿಲ್ಲ, ಮತ್ತು ಎಷ್ಟು ತಪ್ಪುತ್ತದೆ ಎಂಬುದನ್ನೂ ಅವಳೇ ಕಂಡುಹಿಡಿಯಬಲ್ಲಳು. (ಕ + ಹ)³ − (ಕ − ಹ)³ ವಿಸ್ತರಿಸಿ 2ಹದಿಂದ ಭಾಗಿಸಿದರೆ 3ಕ² + ಹ² ಬರುತ್ತದೆ. 2ರಲ್ಲಿ ನಿಜವಾದ ಬೆಲೆ 12. ಒಂದರ ಹೆಜ್ಜೆಯಲ್ಲಿ 27ರಿಂದ 1ನ್ನು ಕಳೆದು ಅರ್ಧ ಮಾಡಿದರೆ 13. ಹೆಜ್ಜೆಯನ್ನು ಅರ್ಧಕ್ಕಿಳಿಸಿ 2.5 ಮತ್ತು 1.5ರ ಘನಗಳನ್ನು, ಅಂದರೆ 15.625 ಮತ್ತು 3.375ನ್ನು ಕಳೆದರೆ 12.25. ದೋಷ 1 ಇದ್ದದ್ದು ಕಾಲು ಆಯಿತು.

ಈಗ ಅವಳಿಗೆ 13 ಮತ್ತು 12.25 ಎಂಬ ಎರಡು ತಪ್ಪು ಉತ್ತರಗಳನ್ನು ಮಾತ್ರ ಕೊಡಿ, ಒಂದರ ದೋಷ ಇನ್ನೊಂದರದಕ್ಕಿಂತ ನಾಲ್ಕು ಪಟ್ಟು ಎಂದು ತಿಳಿಸಿ, ಸರಿಯಾದ ಉತ್ತರ ಕೇಳಿ. 12.25ರ ನಾಲ್ಕರಷ್ಟು 49. ಅದರಿಂದ 13ನ್ನು ಕಳೆದರೆ 36. ಮೂರರಿಂದ ಭಾಗಿಸಿದರೆ 12. ಈ ಉಪಾಯವೂ ಮೇಲೆ ಬಂದ ಅದೇ ರಿಚರ್ಡ್‌ಸನ್ ಅವರ ಹೆಸರಿನಲ್ಲಿದೆ.

ಸಹ್ಯಾದ್ರಿ · ರಾತ್ರಿ 9.40

ನಾಳೆ ಹಲಗೆಯ ಮೇಲೆ 13 ಮತ್ತು 12.25ನ್ನು ಮಾತ್ರ ಬರೆದು, ಸೀಮೆಸುಣ್ಣವನ್ನು ಅವಳ ಕೈಗೆ ಕೊಡುತ್ತೇನೆ.